ಮಕಾರ

ಈ ಊರಿಗೆ ಹೆಸರಿಟ್ಟವರಿಗೆ ನನ್ನ ಮೇಲೆ ಏನೋ ಹಳೇ ದ್ವೇಷ.
ಮತ್ತಿಕೆರೆ ಬಿಟ್ಟರೆ ಮಲ್ಲೇಶ್ವರ,
ಆಮೇಲೆ ಮೆಜೆಸ್ಟಿಕ್ಕು, ಮೈಸೂರು ಬ್ಯಾಂಕು,
ಮಾರ್ಕೆಟ್ಟು, ಮಿನರ್ವ, ಕೊನೆಗೆ ಮಾವಳ್ಳಿ.
ಒಂದು ಟ್ರಿಪ್ಪಿಗೆ ಏಳು ಸಲ
ತುಟಿಗೆ ತುಟಿ ಅಂಟಿ
ನಾನು ನಿಂತುಬಿಡಬೇಕು.

ಹುಟ್ಟಿದಾಗಿಟ್ಟ ಹೆಸರು ಮಂಗಳಗೌರಿ.
ಕೇಳಿದವರಿಗೆಲ್ಲ ಗೌರಿ ಅಂದೆ, ಮೂವತ್ತು ವರ್ಷ.
ಡ್ರೈವರ್ ಮುನಿಶಾಮಪ್ಪನನ್ನು ಬರೀ ‘ಅಣ್ಣಾ’ ಅಂದೆ.
ಅವನು ಅದನ್ನು ಅಕ್ಕರೆ ಅಂದುಕೊಂಡ,
ಗೌರಿ ಹಬ್ಬಕ್ಕೆ ತಪ್ಪದೆ ರವಿಕೆ ಕಣ ಕೊಟ್ಟ, ಪಾಪ.

ಅಜ್ಜಿ ನಾಲಗೆಗೆ ಬಜೆ ತೇಯ್ದು ಹಚ್ಚಿದ್ದಳು.
ಮೇಷ್ಟ್ರು ಕಾಗುಣಿತ ಹೇಳು ಅಂದರು:
ಮ ಮಾ ಮಿ ಮೀ.
ಮೊದಲನೆಯದರಲ್ಲೇ ಪಿರಿಯಡ್ಡು ಮುಗಿಯಿತು.
ಹುಡುಗರಿಗೆ ನಗು ಬಂತು. ನನಗೂ ಬಂತು,
ಅಳು ಬರುವ ದಾರಿಯಲ್ಲೇ.

ಕಂಡಕ್ಟರ್ ಆದಮೇಲೆ ಕಳ್ಳದಾರಿಗಳು ಸಿಕ್ಕವು.
ಮೆಜೆಸ್ಟಿಕ್ಕಿಗೆ ‘ಕೆಂಪೇಗೌಡ’,
ಮಾರ್ಕೆಟ್ಟಿಗೆ ‘ಕೆ.ಆರ್., ಕೆ.ಆರ್.’,
ಮಲ್ಲೇಶ್ವರಕ್ಕೆ ‘ಸರ್ಕಲ್ಲು’.
ಮಿನರ್ವಕ್ಕೆ ಬೇರೆ ಹೆಸರಿಲ್ಲ, ಅಲ್ಲಿ ಸೀಟಿ.
ಆಮೇಲೆ ಬಸ್ಸಿಗೇ ಒಬ್ಬಳ ದನಿ ಕೂರಿಸಿದರು:
‘ಮುಂದಿನ ನಿಲ್ದಾಣ...’
ಮುಂದಿನ ಅನ್ನುವುದನ್ನೇ ಎಷ್ಟು ಸಲೀಸಾಗಿ ಅಂತಾಳೆ ಪುಣ್ಯಾತ್ಗಿತ್ತಿ!
ಹೊಟ್ಟೆಕಿಚ್ಚುಪಡುತ್ತಲೇ ಅವಳ ಬೆನ್ನಹಿಂದೆ ಅಡಗಿಕೊಂಡೆ.

ಒಂದು ಕಾರ್ತಿಕದ ಬೆಳಗು, ಐದೂಕಾಲು,
ಅವಳ ಗಂಟಲು ಕೆಟ್ಟಿತ್ತು.
ಮಾರ್ಕೆಟ್ಟಿನಲ್ಲಿ ಸೇವಂತಿಗೆ ಬುಟ್ಟಿ ಹತ್ತಿಸಿದ ಪಿಳ್ಳಮ್ಮ
‘ಮಲ್ಲೇಶ್ವರ ಬಂದ್ರೆ ಕೂಗವ್ವ’ ಅಂದವಳೇ
ಕಿಟಕಿಗೆ ತಲೆಯಾನಿಸಿ ಗೊರಕೆ.
ಬಂತು. ‘ಸರ್ಕಲ್ಲು’ ಅಂದೆ. ಏಳಲಿಲ್ಲ.
ಈ ಊರಲ್ಲಿ ಸರ್ಕಲ್ಲಿಗೇನು ಬರವೇ?
ನಡುವೆ ಬುಟ್ಟಿಗಳ ಸಾಲು, ಹೋಗಿ ಅಲುಗಾಡಿಸುವಂತಿಲ್ಲ.
ಕೊನೆಗೆ ಬಾಯಿ ತೆರೆದೆ. ತೆರೆದೆ ಎಂದರೆ ಮುಚ್ಚಿದೆ:
ಮ್... ಮ್... ಮ... ಮಲ್... ಮಲ್ಲೇ...

ಹಾಲಿನ ಹುಡುಗ ತಿರುಗಿ ನೋಡಿದ.
ಎಂಜಿನ್ನು ನಿಂತಲ್ಲೇ ಗುರುಗುಟ್ಟುತ್ತಿತ್ತು, ನನ್ನ ಹಾಗೇ.
ಪಿಳ್ಳಮ್ಮ ಎದ್ದು ಕಣ್ಣುಜ್ಜಿಕೊಂಡಳು:
‘ಒಂದೇ ಸಲ ಕೂಗಿದ್ರೆ ನಂಗೆಲ್ಲಿ ಎಚ್ಚರಾಯ್ತದೆ?
ನೀ ಐದಾರು ಸಲ ಕೂಗಿದ್ದು ಒಳ್ಳೇದಾಯ್ತು.’
ಒಂದು ಹೂ ಕಿತ್ತು ಟಿಕೆಟ್ ಮಷೀನಿನ ಮೇಲಿಟ್ಟು
ಇಳಿದು ಹೋದಳು. ಉಪದೇಶವೇನಲ್ಲ.
ಅವಳಿಗೆ ಬೋಣಿಯ ಆತುರ.

ಆವತ್ತೇ ನಾಲಗೆ ಸಡಿಲಾಯಿತು ಎಂದರೆ ಸುಳ್ಳು.
ಗುರುವಾರ ಗುರುವಾರ ಸರ್ಕಾರಿ ಆಸ್ಪತ್ರೆಗೆ ಹೋದೆ.
ಅಲ್ಲೊಬ್ಬ ಚಿಕ್ಕ ಹುಡುಗಿ, ಡಾಕ್ಟರೋ, ಇನ್ನೂ ಓದುತ್ತಿದ್ದಾಳೋ,
‘ಅಕ್ಷರದ ಜೊತೆ ಗುದ್ದಾಡಬೇಡಿ ಆಂಟಿ, ಎಳೀರಿ’ ಅಂದಳು.
ಎಳೆದೆ. ಬಚ್ಚಲಲ್ಲಿ, ಡಿಪೋದ ಕಟ್ಟೆಯ ಮೇಲೆ,
ಗಂಜಿ ಬಸಿಯುವಾಗ.
‘ದುಂಬಿ ಸಾಕಿದ್ದೀಯೇನೇ?’ ಅಂದ ಗಂಡ.
ಹೌದು, ದುಂಬಿಯೇ.
ಇಷ್ಟು ದಿನ ಟವೆಲ್ಲು ಬೀಸಿ ಓಡಿಸುತ್ತಿದ್ದೆ,
ಈಗ ಹೆಗಲ ಮೇಲೆ ಕೂತರೆ ಕೂತಿರಲಿ.

ಈಗಲೂ ಕೆಲವು ದಿನ
ಮೆಜೆಸ್ಟಿಕ್ಕು ಬಂದು ನಿಂತಿರುತ್ತದೆ, ಅದರ ಹೆಸರು ಬಂದಿರುವುದಿಲ್ಲ.
ಬರಲಿ ಬಿಡಿ.
ಈ ಊರಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಯಾವುದಿದೆ?

ನಿನ್ನೆ ಚೆಕಿಂಗಿನವರು ಹತ್ತಿದರು.
‘ಹೆಸರು?’
ಎದೆಯ ಮೇಲೆ ಬಿಲ್ಲೆಯಿತ್ತು. ತೋರಿಸಿದ್ದರೆ ಮುಗಿಯುತ್ತಿತ್ತು.
ನಾಲಗೆಯ ತುದಿಗೆ ಅಭ್ಯಾಸಬಲದಿಂದ ಗೌರಿ ಓಡಿಬಂದಳು,
ಅವಳನ್ನು ಹಿಂದಿನ ಸೀಟಿಗೆ ಕಳಿಸಿದೆ.
ಸಿಗ್ನಲ್ಲು ಕೆಂಪಿದ್ದಾಗ ಶುರುಮಾಡಿದ್ದು
ಹಸಿರಾದರೂ ಮುಗಿದಿರಲಿಲ್ಲ.
ಆತ ಪೆನ್ನು ಹಿಡಿದು ಕಾದ,
ಬೇಜಾರಿನಿಂದಲೇ ಇರಬಹುದು, ಕಾದ.
ಹಿಂದಿನ ಕಾರು ಹಾರನ್ನು ಹೊಡೆದುಕೊಂಡಿತು.
ಐದೂ ಅಕ್ಷರ ಒಂದೊಂದಾಗಿ ಇಳಿದವು,
ಚಿಲ್ಲರೆ ಎಣಿಸಿಕೊಂಡೇ ಮೆಟ್ಟಿಲಿಳಿಯುವ ಮುದುಕಿಯರ ಹಾಗೆ.

ಇಡೀ ಹೆಸರು ಬರೆದುಕೊಂಡು ಆತ ಹೋದ.
ಸೀಟಿ ಬಾಯಿಗಿಡಲಿಲ್ಲ ನಾನು.
‘ಹೋಗೋಣ, ಮು... ಮು... ಮುನಿಶಾಮಣ್ಣಾ’ ಅಂದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ನನ್ನ ಬಾಯಲ್ಲಿ ತನ್ನ ಹೆಸರು ಕೇಳಿ
ಅವನು ಗಾಬರಿಗೆ ಎಂಜಿನ್ನೇ ಆಫ್ ಮಾಡಿಬಿಟ್ಟ.